ಕಡಿಮೆ ದುಡ್ಡಿನಲ್ಲಿ ಆಟಗಾರರ ಶೋಧ: ಫುಟ್‌ಬಾಲ್ ಕ್ಲಬ್ಬುಗಳು, ಬೆಂಗಳೂರು ಮತ್ತು ಉಡುಪಿ ಸೀಮೆ

ಫುಟ್‌ಬಾಲ್ ಕ್ಲಬ್ಬೊಂದು ತನಗೆ ಬೇಕಾದ ಆಟಗಾರನನ್ನು ಬೇರೆ ತಂಡಗಳಲ್ಲಿ, ಕಿರಿಯರ ಲೀಗುಗಳಲ್ಲಿ, ಕಾಲೇಜು ಮೈದಾನಗಳಲ್ಲಿ ಹುಡುಕಿ, ತೂಗಿ ನೋಡಿ, ಕೈಗೆಟಕುವ ಬೆಲೆಗೆ ಒಪ್ಪಂದಕ್ಕೆ ತರುವ ಕೆಲಸವನ್ನು ಸ್ಕೌಟಿಂಗ್ ಎನ್ನುತ್ತಾರೆ. ಅದನ್ನು ಮಾಡುವವರು ಸ್ಕೌಟ್‌ಗಳು. ದೊಡ್ಡ ಕ್ಲಬ್ಬಿಗೂ ಸಣ್ಣ ಕ್ಲಬ್ಬಿಗೂ ಕೆಲಸ ಒಂದೇ. ಲೆಕ್ಕ ತಪ್ಪಿದಾಗ ತಗಲುವ ಪೆಟ್ಟು ಬೇರೆ. ದುಡ್ಡಿರುವ ಕ್ಲಬ್ಬು ಗೋಲು ಹೊಡೆಯದ ಸ್ಟ್ರೈಕರನನ್ನು ಬೆಂಚಿನ ಮೇಲೆ ಕೂರಿಸಿ ಜನವರಿಯಲ್ಲಿ ಇನ್ನೊಬ್ಬನನ್ನು ತರುತ್ತದೆ. ದುಡ್ಡಿಲ್ಲದ ಕ್ಲಬ್ಬು ಅವನನ್ನೇ ಆಡಿಸುತ್ತ ವರ್ಷ ದೂಡಬೇಕು.

ಸಣ್ಣ ಕ್ಲಬ್ಬಿನ ಕೈ ಕಟ್ಟುವುದು ಆಟಗಾರನ ಬೆಲೆ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅದಕ್ಕಿಂತ ಮೊದಲು ಕೈ ಕಟ್ಟುವುದು ನೋಡುವ ಖರ್ಚು. ಒಬ್ಬ ಸ್ಕೌಟ್ ವರ್ಷಕ್ಕೆ ಇಷ್ಟೇ ಪಂದ್ಯ ನೋಡಬಲ್ಲ, ಇಷ್ಟೇ ಊರಿಗೆ ಹೋಗಬಲ್ಲ. ಆದ್ದರಿಂದ ಅವನು ಒಂದೇ ಕಡೆ ಹೆಚ್ಚು ಹುಡುಗರು ಸಿಗುವಲ್ಲಿಗೆ, ಅಂದರೆ ಲೀಗ್ ಅಥವಾ ದೊಡ್ಡ ಟೂರ್ನಿ ನಡೆಯುವಲ್ಲಿಗೆ ಹೋಗುತ್ತಾನೆ. ಪ್ರತಿಭೆ ಇದ್ದೂ ಲೀಗ್ ಇಲ್ಲದ ಊರು ಅವನ ದಾರಿಗೆ ಬೀಳುವುದೇ ಇಲ್ಲ. ಕರ್ನಾಟಕದ ಫುಟ್‌ಬಾಲಿನಲ್ಲಿ ಬೆಂಗಳೂರಿಗೂ ಕರಾವಳಿಗೂ ಇರುವ ಅಂತರವನ್ನು ಬಹುಮಟ್ಟಿಗೆ ಈ ಒಂದು ಸಂಗತಿಯಿಂದಲೇ ವಿವರಿಸಬಹುದು.

ದುಡ್ಡು ಎಲ್ಲಿಗೆ ಹೋಗುತ್ತದೆ

ವರ್ಗಾವಣೆ ಎಂದೊಡನೆ ಪತ್ರಿಕೆಯಲ್ಲಿ ಬರುವ ಕೋಟಿಗಳು ನೆನಪಾಗುತ್ತವೆ. ಆ ಮೊತ್ತ ಒಂದು ಕ್ಲಬ್ಬು ಇನ್ನೊಂದು ಕ್ಲಬ್ಬಿಗೆ ಕೊಡುವಂಥದ್ದು. ಒಪ್ಪಂದದ ಅವಧಿ ಉಳಿದಿರುವ ಆಟಗಾರನನ್ನು ಬಿಟ್ಟುಕೊಡುವುದಕ್ಕೆ ಸಲ್ಲುವ ಬೆಲೆ. ಸಣ್ಣ ಕ್ಲಬ್ಬಿನ ಲೆಕ್ಕಪುಸ್ತಕದಲ್ಲಿ ಅದಕ್ಕಿಂತ ಭಾರವಾದ ಬಾಬತ್ತುಗಳಿವೆ: ಎರಡು ಮೂರು ವರ್ಷದ ಸಂಬಳ, ಸಹಿ ಹಾಕಿದ್ದಕ್ಕೆ ಕೊಡುವ ಮೊತ್ತ, ಏಜೆಂಟನ ಪಾಲು, ವಿದೇಶಿಯಾದರೆ ಮನೆ ಬಾಡಿಗೆ ಮತ್ತು ವಿಮಾನದ ಟಿಕೆಟ್ಟು, ಗಾಯಗೊಂಡರೆ ಆಡದೆಯೂ ಕೊಡಬೇಕಾದ ವೇತನ. ಇಂಡಿಯನ್ ಸೂಪರ್ ಲೀಗಿನಲ್ಲಿ (ಐಎಸ್‌ಎಲ್) ಹಲವು ವರ್ಷ ಒಂದು ತಂಡದ ಒಟ್ಟು ಸಂಬಳಕ್ಕೆ 16.5 ಕೋಟಿ ರೂಪಾಯಿಯ ಮಿತಿ ಇತ್ತು. ಇಬ್ಬರು ವಿದೇಶಿಯರಿಗೆ ಕೈ ಬಿಚ್ಚಿ ಕೊಟ್ಟರೆ ಆ ಮಿತಿಯೊಳಗೆ ಬೆಂಚು ಬರಿದಾಗುತ್ತಿತ್ತು.

1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬೋಸ್ಮನ್ ಪರವಾಗಿ ಕೊಟ್ಟ ತೀರ್ಪು ಸಣ್ಣ ಕ್ಲಬ್ಬುಗಳ ಲೆಕ್ಕಾಚಾರವನ್ನೇ ತಿರುಗಿಸಿತು. ಒಪ್ಪಂದ ಮುಗಿದ ಆಟಗಾರನಿಗೆ ಹಳೆಯ ಕ್ಲಬ್ಬು ಬೆಲೆ ಕೇಳುವಂತಿಲ್ಲ ಎಂದಾಯಿತು. ಇಂದು ಫಿಫಾ ನಿಯಮದಂತೆ, ಒಪ್ಪಂದದಲ್ಲಿ ಆರು ತಿಂಗಳು ಉಳಿದಿರುವಾಗಲೇ ಆಟಗಾರ ಮುಂದಿನ ಕ್ಲಬ್ಬಿನೊಡನೆ ಸಹಿ ಹಾಕಬಹುದು. ಹಾಗಾಗಿ ದುಡ್ಡು ಕಡಿಮೆ ಇರುವ ಕ್ಲಬ್ಬಿನ ಸ್ಕೌಟ್ ಆಟಗಾರನ ಕಾಲಿನಷ್ಟೇ ಅವನ ಒಪ್ಪಂದದ ತಾರೀಕನ್ನೂ ನೋಡುತ್ತಾನೆ. ಭಾರತದಲ್ಲಂತೂ ಬಹುತೇಕ ಆಟಗಾರರು ಒಪ್ಪಂದ ಮುಗಿದ ಮೇಲೆಯೇ ತಂಡ ಬದಲಿಸುತ್ತ ಬಂದಿದ್ದಾರೆ. ಕ್ಲಬ್ಬಿನಿಂದ ಕ್ಲಬ್ಬಿಗೆ ದೊಡ್ಡ ಮೊತ್ತ ಕೈ ಬದಲಾಗುವುದು ಈಚಿನ ಮತ್ತು ಅಪರೂಪದ ಬೆಳವಣಿಗೆ. ಇದು ಕೊಳ್ಳುವವರಿಗೆ ಲಾಭ. ಹನ್ನೆರಡನೆಯ ವಯಸ್ಸಿನಿಂದ ಹುಡುಗನನ್ನು ಸಾಕಿದ ಊರ ಕ್ಲಬ್ಬಿಗೆ ಮಾತ್ರ ಸಿಗುವುದು ಗೋಡೆಯ ಮೇಲೆ ತೂಗುಹಾಕುವ ಒಂದು ಫೋಟೊ.

ಹುಡುಕಾಟದ ಕ್ರಮ

ಕೆಲಸ ಶುರುವಾಗುವುದು ತಂಡದ ಕೊರತೆಯಿಂದ. ‘ಒಳ್ಳೆಯ ಡಿಫೆಂಡರ್ ಬೇಕು’ ಎನ್ನುವ ಕೋಚ್ ಸ್ಕೌಟಿನ ಸಮಯ ಹಾಳುಮಾಡುತ್ತಾನೆ. ‘ಎಡಗಾಲಿನವನು, ಹಿಂದಿನಿಂದ ಚೆಂಡು ಹಂಚಬಲ್ಲವನು, 24ರ ಒಳಗಿನವನು, ಮೇ ತಿಂಗಳಲ್ಲಿ ಬಿಡುಗಡೆಯಾಗುವವನು’ ಎಂದರೆ ನೂರಾರು ಹೆಸರು ಹತ್ತಿಪ್ಪತ್ತಕ್ಕೆ ಇಳಿಯುತ್ತವೆ. ಮುಂದಿನ ಜರಡಿ ವಿಡಿಯೊ ಮತ್ತು ಅಂಕಿಅಂಶ. 1996ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ಆಪ್ಟಾ, 2004ರಲ್ಲಿ ಇಟಲಿಯಲ್ಲಿ ಹುಟ್ಟಿದ ವೈಸ್ಕೌಟ್‌ನಂಥ ಸಂಸ್ಥೆಗಳು ಪ್ರತಿ ಪಾಸು, ಪ್ರತಿ ಹೊಡೆತವನ್ನು ದಾಖಲಿಸಿ ಚಂದಾದಾರರಿಗೆ ಒದಗಿಸುತ್ತವೆ. ಗೋಲಿನ ಸಂಖ್ಯೆಗಿಂತ, ಗೋಲಾಗಬಹುದಾದ ಎಷ್ಟು ಜಾಗಗಳಿಗೆ ಆಟಗಾರ ತಲುಪಿದ ಎಂಬ ‘ನಿರೀಕ್ಷಿತ ಗೋಲು’ ಲೆಕ್ಕವೇ ಮುಂದಿನ ವರ್ಷದ ಬಗ್ಗೆ ಹೆಚ್ಚು ಹೇಳುತ್ತದೆ ಎಂಬುದು ಈಗ ಸಾಮಾನ್ಯ ತಿಳಿವಳಿಕೆ. ಹತ್ತು ಅವಕಾಶ ಪಡೆದು ಎರಡು ಗೋಲು ಹೊಡೆದವನ ಬೆಲೆ ಕಡಿಮೆ ಇರುತ್ತದೆ; ಅವನ ಅದೃಷ್ಟ ತಿರುಗುವ ಮೊದಲು ಕೊಂಡವನೇ ಜಾಣ.

ಆದರೆ ಈ ಸಲಕರಣೆ ಇರುವುದು ದಾಖಲಾದ ಪಂದ್ಯಗಳಿಗೆ. ಜಿಲ್ಲಾ ಮಟ್ಟದ ಪಂದ್ಯಕ್ಕೆ ಅಂಕಿಅಂಶ ಬರೆಯುವವರಿಲ್ಲ, ಬಹಳಷ್ಟು ಸಲ ಕ್ಯಾಮೆರಾವೂ ಇಲ್ಲ. ಯಾರದೋ ಮೊಬೈಲಿನಲ್ಲಿ ಸೆರೆಹಿಡಿದ, ಗೋಲುಗಳನ್ನಷ್ಟೇ ಕತ್ತರಿಸಿ ಅಂಟಿಸಿದ ತುಣುಕನ್ನು ನಂಬಿ ಒಪ್ಪಂದ ಮಾಡಿಕೊಂಡರೆ, ಚೆಂಡು ಕಳೆದುಕೊಂಡಾಗ ಆ ಹುಡುಗ ಓಡುತ್ತಾನೋ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾನೋ ಎಂಬುದು ತಿಳಿಯುವುದು ಸಹಿ ಬಿದ್ದ ಮೇಲೆ. ಕಣ್ಣಾರೆ ನೋಡುವುದಕ್ಕೆ ಪರ್ಯಾಯ ಇನ್ನೂ ಸಿಕ್ಕಿಲ್ಲ. ಒಳ್ಳೆಯ ಸ್ಕೌಟ್ ಪಂದ್ಯಕ್ಕೆ ಅರ್ಧ ಗಂಟೆ ಮೊದಲೇ ಬಂದು ವಾರ್ಮಪ್ ನೋಡುತ್ತಾನೆ, ತಂಡ ಸೋಲುತ್ತಿರುವ ಪಂದ್ಯವನ್ನು ಆರಿಸಿಕೊಳ್ಳುತ್ತಾನೆ, ಬದಲಿಯಾಗಿ ಹೊರಗೆ ಬಂದ ಹುಡುಗನ ಮುಖ ಗಮನಿಸುತ್ತಾನೆ. ಆಮೇಲೆ ಹಳೆಯ ಕೋಚಿಗೆ, ಫಿಸಿಯೊಗೆ, ಹಾಸ್ಟೆಲಿನ ವಾರ್ಡನ್‌ಗೆ ಫೋನು ಮಾಡುತ್ತಾನೆ. ಮೊಣಕಾಲಿನ ಗಾಯ, ಮನೆಯ ತಾಪತ್ರಯ, ಕುಡಿತ ಇವು ಯಾವ ಕೋಷ್ಟಕದಲ್ಲೂ ಸಿಗುವುದಿಲ್ಲ.

ಭಾರತದಲ್ಲಿ ಇನ್ನೊಂದು ಬೇರೆಯೇ ತೊಡಕು ವಯಸ್ಸು. ಹದಿನೈದರ ತಂಡದಲ್ಲಿ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ವೇಗದ ಹುಡುಗ ನಿಜಕ್ಕೂ ಹದಿನೇಳರವನಾದರೆ ಅವನ ಮೇಲುಗೈ ಎರಡು ವರ್ಷದಲ್ಲಿ ಕರಗಿಹೋಗುತ್ತದೆ. ಮಣಿಕಟ್ಟಿನ ಮೂಳೆಯ ಬೆಳವಣಿಗೆ ನೋಡುವ ಪರೀಕ್ಷೆ ಕಿರಿಯರ ಟೂರ್ನಿಗಳಲ್ಲಿ ಬಳಕೆಗೆ ಬಂದಿದೆ; ಫಿಫಾ 2009ರ 17ರೊಳಗಿನವರ ವಿಶ್ವಕಪ್‌ನಲ್ಲಿ ಎಂಆರ್‌ಐ ಪರೀಕ್ಷೆ ತಂದಿತು. ಊರೂರಿನ ಟೂರ್ನಿಗಳಲ್ಲಿ ಈಗಲೂ ಶಾಲೆಯ ದಾಖಲೆಯೇ ಆಧಾರ.

ಹೊರಗಿನ ಮಾದರಿಗಳು

ಮಿತವ್ಯಯದ ಶೋಧಕ್ಕೆ ಹೆಸರಾದ ಕ್ಲಬ್ಬುಗಳೆಲ್ಲ ಉಳಿದವರು ನೋಡದ ಕಡೆ ನೋಡಿದವು. 2014ರ ಜನವರಿಯಲ್ಲಿ ಲೆಸ್ಟರ್ ಸಿಟಿ ಐದು ಲಕ್ಷ ಪೌಂಡಿಗಿಂತ ಕಡಿಮೆಗೆ ರಿಯಾದ್ ಮಹ್ರೆಜ್‌ನನ್ನು ಫ್ರಾನ್ಸಿನ ಎರಡನೆಯ ದರ್ಜೆಯ ಲೆ ಹಾವ್ರ್‌ನಿಂದ ತಂದಿತು. ಸ್ಕೌಟ್ ಸ್ಟೀವ್ ವಾಲ್ಶ್ ಅಲ್ಲಿಗೆ ಹೋಗಿದ್ದದ್ದು ಬೇರೊಬ್ಬ ಆಟಗಾರನನ್ನು ನೋಡಲು. ಮರುವರ್ಷ ಮಿಡ್‌ಫೀಲ್ಡರ್ ಎನ್‌ಗೊಲೊ ಕಾಂತೆ ಸುಮಾರು 56 ಲಕ್ಷ ಪೌಂಡಿಗೆ ಬಂದ, 2016ರಲ್ಲಿ ಲೆಸ್ಟರ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿ, ದೊಡ್ಡ ಕ್ಲಬ್ಬುಗಳು ಕೈಬಿಟ್ಟ ಹುಡುಗರಿಗಾಗಿ ‘ಬಿ’ ತಂಡ ಕಟ್ಟಿತು. ಎಕ್ಸೆಟರ್‌ನಿಂದ ಸುಮಾರು 18 ಲಕ್ಷ ಪೌಂಡಿಗೆ ತಂದ ಆಲಿ ವಾಟ್ಕಿನ್ಸ್‌ನನ್ನು 2020ರಲ್ಲಿ 2.8 ಕೋಟಿ ಪೌಂಡಿಗೆ ಮಾರಿತು. ಸಮುದ್ರತೀರದ ಬ್ರೈಟನ್, ಎಕ್ವಡಾರ್‌ನ ಮೊಯ್ಸೆಸ್ ಕೈಸೆಡೊನನ್ನು 2021ರಲ್ಲಿ 50 ಲಕ್ಷ ಪೌಂಡಿನೊಳಗೆ ಕೊಂಡು 2023ರಲ್ಲಿ 10 ಕೋಟಿ ಪೌಂಡಿಗೆ ಬಿಟ್ಟುಕೊಟ್ಟಿತು. ಈ ಮಾರಾಟಗಳೇ ಅವರ ಮುಂದಿನ ವರ್ಷದ ಬಂಡವಾಳ. ಭಾರತದ ಕ್ಲಬ್ಬಿಗೆ ಈ ಕೊನೆಯ ಹೆಜ್ಜೆ ಇಲ್ಲ: ಕಡಿಮೆಗೆ ತಂದವನನ್ನು ಹೆಚ್ಚಿಗೆ ಕೊಳ್ಳುವ ಗಿರಾಕಿಯೇ ಇಲ್ಲದಿದ್ದರೆ ಶೋಧದ ಫಲ ಅಂಕಪಟ್ಟಿಯಲ್ಲಷ್ಟೇ ಕಾಣುತ್ತದೆ.

ನಮ್ಮ ದೇಶದಲ್ಲೇ ಇದಕ್ಕೆ ಪಾಠದಂಥ ಉದಾಹರಣೆ ಮಿಜೋರಾಮಿನ ಐಜ್ವಾಲ್ ಎಫ್‌ಸಿ. 2017ರ ಏಪ್ರಿಲ್ 30ರಂದು ಅದು ಆಗಿನ ದೇಶದ ಅಗ್ರ ಲೀಗಾದ ಐ-ಲೀಗ್ ಗೆದ್ದಿತು. ಕೋಚ್ ಖಾಲಿದ್ ಜಮೀಲ್ ಅದಕ್ಕೆ ಮೊದಲು ಮುಂಬೈ ಎಫ್‌ಸಿಯಲ್ಲಿದ್ದವರು. ಅಲ್ಲಿ ತಾವು ಹತ್ತಿರದಿಂದ ಕಂಡಿದ್ದ ಜಯೇಶ್ ರಾಣೆ, ಆಶುತೋಷ್ ಮೆಹ್ತಾರಂಥವರನ್ನು ಬೆಟ್ಟದೂರಿಗೆ ಕರೆದೊಯ್ದರು. ಜೊತೆಗೆ ಸಿರಿಯಾದ ಮಹಮೂದ್ ಅಲ್ ಅಮ್ನಾ. ಉಳಿದವರು 2012ರಿಂದ ನಡೆದುಕೊಂಡು ಬಂದ ಮಿಜೋರಾಮ್ ಪ್ರೀಮಿಯರ್ ಲೀಗಿನಲ್ಲಿ ಪಳಗಿದ ಸ್ಥಳೀಯ ಹುಡುಗರು. ಮುಂದಿನ ಋತುವಿಗೇ ಆ ತಂಡ ಚದುರಿತು: ಕೋಚ್ ಮತ್ತು ಅಲ್ ಅಮ್ನಾ ಕಲ್ಕತ್ತಾದ ಈಸ್ಟ್ ಬೆಂಗಾಲಿಗೆ, ರಾಣೆ ಮತ್ತು ಮೆಹ್ತಾ ಅದೇ ಊರಿನ ಎಟಿಕೆಗೆ.

ಬೆಂಗಳೂರು: ಮೊದಲು ನೋಡಿಸಿಕೊಂಡ ಊರು

ಬೇರೆಯವರ ಆಟಗಾರರನ್ನು ಬೆಂಗಳೂರು ಹುಡುಕಿದ ಚರಿತ್ರೆ ಚಿಕ್ಕದು. ಬೆಂಗಳೂರಿನ ಆಟಗಾರರನ್ನು ಬೇರೆಯವರು ಹುಡುಕಿಕೊಂಡು ಬಂದ ಚರಿತ್ರೆ ದೊಡ್ಡದು. ದಂಡು ಪ್ರದೇಶದ ಗೋರಾ ಪಡೆಗಳ ಜೊತೆ ಬರಿಗಾಲಿನಲ್ಲಿ ಆಡಿ ಕಲಿತ ಹುಡುಗರು ಗೌತಮಪುರ, ಆಸ್ಟಿನ್ ಟೌನಿನಂಥ ಬಡ ಬಡಾವಣೆಗಳಿಂದ ಬಂದರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತು. ಮಿಲಿಟರಿ ತಂಡಗಳ ಸೊತ್ತಿನಂತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು. 1938ರಲ್ಲಿ ಮತ್ತೆ ಗೆದ್ದಿತು. ಅದೇ ದಶಕದಲ್ಲಿ, 1934ರಿಂದ 1938ರವರೆಗೆ ಸತತ ಐದು ಸಲ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಬಂಗಾಳದ ಆಚೆ ಬೆಂಗಳೂರಿನವರೆಗೂ ಕಣ್ಣು ಹಾಯಿಸಿ ಆಟಗಾರರನ್ನು ಕರೆದೊಯ್ದಿತು. ಸ್ಕೌಟ್ ಎಂಬ ಹುದ್ದೆ ಆಗ ಇರಲಿಲ್ಲ. ರೋವರ್ಸ್, ಡುರಾಂಡ್, ಆಮೇಲೆ ಬಂದ ಸಂತೋಷ್ ಟ್ರೋಫಿಗಳೇ ಸಂತೆ. ಕ್ಲಬ್ ಕಾರ್ಯದರ್ಶಿಗಳೇ ಕೊಳ್ಳುವವರು.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಭಾರತದ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್, ಧನರಾಜ್ ಇಬ್ಬರೂ ಈಸ್ಟ್ ಬೆಂಗಾಲ್ ಸೇರಿದರು. ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದೇಶದ ನಾನಾ ಕಡೆಯಿಂದ ಕಲೆಹಾಕಿದ ಐವರು ಫಾರ್ವರ್ಡುಗಳನ್ನು ಅಂದಿನ ಕಲ್ಕತ್ತಾ ‘ಪಂಚ ಪಾಂಡವರು’ ಎಂದು ಕರೆಯಿತು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಐವರಲ್ಲಿ ಬಂಗಾಳಿ ಒಬ್ಬನೂ ಇಲ್ಲ. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಆ ಕ್ಲಬ್ಬಿಗೇ ಬಂತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮಾರುಕಟ್ಟೆ ಬೆಲೆ ಗೊತ್ತಿಲ್ಲದ ಊರಿನಿಂದ ಸರಕು ಎತ್ತಿದ ಜಾಣತನ ಅದು.

ಊರಿನೊಳಗೆ ಆಟಗಾರನನ್ನು ಹಿಡಿದಿಟ್ಟದ್ದು ನೌಕರಿ. ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಸೇನೆಯ ಎಂಇಜಿ, ಎಎಸ್‌ಸಿ ತಂಡಗಳು ಸಂಬಳದ ಪೈಪೋಟಿ ನಡೆಸಲಿಲ್ಲ. ನಿವೃತ್ತಿಯವರೆಗಿನ ಕೆಲಸ ಕೊಟ್ಟವು. ಸೀಮಿತ ಬಂಡವಾಳದಲ್ಲಿ ತಂಡ ಕಟ್ಟುವುದಕ್ಕೆ ಇದಕ್ಕಿಂತ ಭದ್ರವಾದ ಉಪಾಯ ಭಾರತದಲ್ಲಿ ಮತ್ತೆ ಬಂದಿಲ್ಲ ಎನ್ನಬೇಕು. ಮೈಸೂರು ರಾಜ್ಯ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಬಹುಪಾಲು ಇಂಥ ತಂಡಗಳ ಬಲದಿಂದ. ಸಾರ್ವಜನಿಕ ಉದ್ಯಮಗಳಲ್ಲಿ ನೇಮಕ ಕುಗ್ಗಿದಂತೆ ಈ ವ್ಯವಸ್ಥೆಯೂ ಸೊರಗಿತು. ಐ-ಲೀಗಿನವರೆಗೂ ಏರಿದ್ದ ಎಚ್‌ಎಎಲ್ 2012ರಲ್ಲಿ ಕೆಳಗಿಳಿಯಿತು. 1990ರ ದಶಕದ ಶ್ರೇಷ್ಠ ಮಿಡ್‌ಫೀಲ್ಡರುಗಳಲ್ಲಿ ಒಬ್ಬರಾದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ದೇಶದ ಕಣ್ಣಿಗೆ ಬಿದ್ದದ್ದು ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋದ ಮೇಲೆ.

ಬೆಂಗಳೂರು ಎಫ್‌ಸಿ

2013ರ ಜುಲೈಯಲ್ಲಿ ಜೆಎಸ್‌ಡಬ್ಲ್ಯೂ ಸಮೂಹ ಕಟ್ಟಿದ ಬೆಂಗಳೂರು ಎಫ್‌ಸಿಯನ್ನು ಬಡ ಕ್ಲಬ್ಬು ಎನ್ನಲಾಗದು. ಆದರೆ ಅದರ ಮೊದಲ ತಂಡ ಕಟ್ಟಿದ ರೀತಿ ಮಿತವ್ಯಯದ್ದೇ. ಲೀಗ್ ಶುರುವಾಗುವುದಕ್ಕೆ ಕೆಲವೇ ವಾರ ಉಳಿದಿದ್ದವು, ಸ್ಕೌಟಿಂಗ್ ವಿಭಾಗವಿರಲಿಲ್ಲ, ದೊಡ್ಡ ಹೆಸರುಗಳು ಆಗಲೇ ಕಲ್ಕತ್ತಾ, ಗೋವಾ ಪಾಲಾಗಿದ್ದವು. ಇಂಗ್ಲೆಂಡಿನ ಕೋಚ್ ಆಶ್ಲೀ ವೆಸ್ಟ್‌ವುಡ್ ತನಗೆ ಗೊತ್ತಿದ್ದ ಮಾರುಕಟ್ಟೆಗೆ ಹೋದರು: ಇಂಗ್ಲೆಂಡಿನ ಕೆಳ ದರ್ಜೆಗಳಲ್ಲಿ ಆಡಿದ್ದ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಡಿಫೆನ್ಸಿಗೆ ಬಂದರು, ಆಸ್ಟ್ರೇಲಿಯಾದ ಶಾನ್ ರೂನಿ ಮುಂದೆ. ದೊಡ್ಡ ಖರ್ಚು ಒಂದೇ, ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಿಂದ ಮರಳಿದ್ದ ಸುನಿಲ್ ಛೇತ್ರಿ. ಉಳಿದ ಭಾರತೀಯರಲ್ಲಿ ಹೆಚ್ಚಿನವರು ಬೇರೆ ಕ್ಲಬ್ಬುಗಳಲ್ಲಿ ಬೆಂಚು ಕಾಯುತ್ತಿದ್ದವರು ಅಥವಾ ಇನ್ನೂ ಹೆಸರಾಗದವರು. ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಆಡಿದ ಆ ತಂಡ ಮೊದಲ ವರ್ಷವೇ, 2013-14ರಲ್ಲಿ, ಐ-ಲೀಗ್ ಗೆದ್ದಿತು. 2014ರಲ್ಲಿ ಟಾಟಾ ಅಕಾಡೆಮಿಯಿಂದ ಬಂದ ಉದಾಂತ ಸಿಂಗ್, ಅದೇ ವರ್ಷ ಸೇರಿದ ಯೂಜಿನ್‌ಸನ್ ಲಿಂಗ್ಡೊ ಮತ್ತು ಸಿ.ಕೆ. ವಿನೀತ್ ರಾಷ್ಟ್ರೀಯ ತಂಡದಲ್ಲೂ ಆಡಿದರು. 2015ರ ಐಎಸ್‌ಎಲ್ ಹರಾಜಿನಲ್ಲಿ ಛೇತ್ರಿಗೆ 1.2 ಕೋಟಿ, ಲಿಂಗ್ಡೊಗೆ 1.05 ಕೋಟಿ ರೂಪಾಯಿ ಬಂದಾಗ ವರ್ಷದ ಹಿಂದಿನ ಆಯ್ಕೆಯ ಬೆಲೆ ಊರಿಗೆಲ್ಲ ತಿಳಿಯಿತು.

ಕೋಚ್ ಬದಲಾದಾಗ ಹುಡುಕುವ ದೇಶವೂ ಬದಲಾಯಿತು. 2016ರಲ್ಲಿ ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಹುವಾನಾನ್, ಡಿಮಾಸ್ ಡೆಲ್ಗಾಡೊ, ಸ್ಪೇನಿನಲ್ಲಿ ಆಡಿದ್ದ ವೆನಿಜುವೆಲಾದ ಮಿಕು ಹಿಂದೆಯೇ ಬಂದರು. ಕ್ಲಬ್ಬು 2016ರ ನವೆಂಬರ್ 5ರಂದು ದೋಹಾದಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 0-1ರಿಂದ ಸೋತಿತು; 2018-19ರಲ್ಲಿ ಕಾರ್ಲೆಸ್ ಕ್ವಾದ್ರಾತ್ ಕೈಕೆಳಗೆ ಐಎಸ್‌ಎಲ್ ಗೆದ್ದಿತು. ಕೋಚಿನ ಫೋನ್ ಪುಸ್ತಕವೇ ಸ್ಕೌಟಿಂಗ್ ವಿಭಾಗವಾದಾಗ ಗೆಲುವು ಬೇಗ ಬರುತ್ತದೆ. ಕೋಚ್ ಹೊರಟ ದಿನ ಆ ಪುಸ್ತಕವೂ ಹೊರಡುತ್ತದೆ.

ಇದಕ್ಕೆ ಕ್ಲಬ್ಬು ಕಂಡುಕೊಂಡ ದಾರಿ ಕಿರಿಯರ ತಂಡ. ತೋರಣಗಲ್ಲು ಬಳಿಯ ಜೆಎಸ್‌ಡಬ್ಲ್ಯೂ ಕ್ರೀಡಾ ಸಂಸ್ಥೆಯಲ್ಲಿ ವಸತಿ ಅಕಾಡೆಮಿ, ಬೆಂಗಳೂರಿನ ಸೂಪರ್ ಡಿವಿಜನ್ ಲೀಗಿನಲ್ಲಿ ಮೀಸಲು ತಂಡ. 2022ರಲ್ಲಿ ಗೋವಾದಲ್ಲಿ ಆರಂಭವಾದ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಮೊದಲ ಎರಡು ವರ್ಷವೂ ಗೆದ್ದದ್ದು ಈ ಹುಡುಗರೇ. ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಅದೇ ಮೆಟ್ಟಿಲು ಹತ್ತಿ 2022ರ ಸೆಪ್ಟೆಂಬರಿನ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಗೋಲು ಹೊಡೆದ. ಹೆಸರಾದ ಸ್ಟ್ರೈಕರೊಬ್ಬನ ವರ್ಷದ ಸಂಬಳದಲ್ಲಿ ಇಂಥ ಎಷ್ಟು ಹುಡುಗರನ್ನು ಸಾಕಬಹುದು ಎಂದು ಲೆಕ್ಕ ಹಾಕಿದರೆ ಅಕಾಡೆಮಿ ದುಬಾರಿ ಎನ್ನುವ ವಾದ ನಿಲ್ಲುವುದಿಲ್ಲ.

ಇನ್ನೊಂದು ಮಾರ್ಗ ಬೇರೆ ಕ್ಲಬ್ಬಿನ ಕಷ್ಟಕಾಲ. 2021-22ರ ಐಎಸ್‌ಎಲ್ ಚಾಂಪಿಯನ್ ಹೈದರಾಬಾದ್ ಎಫ್‌ಸಿ ಸಂಬಳ ಕೊಡಲಾಗದೆ ಕುಸಿದಾಗ ಅದರ ಆಟಗಾರರು ದೇಶದ ತುಂಬ ಹಂಚಿಹೋದರು. ಮುಂಬೈಯಲ್ಲಿ ಹುಟ್ಟಿದ ನಿಖಿಲ್ ಪೂಜಾರಿ ಬೆಂಗಳೂರಿಗೆ ಬಂದದ್ದು ಹೀಗೆ. ಹೆಸರು ನಮ್ಮ ಕರಾವಳಿಯ ಕಿವಿಗೆ ಪರಿಚಿತ. ಬೆಳೆದ ಮೈದಾನ ಮಾತ್ರ ಮುಂಬೈಯದು. ಕಷ್ಟ ಯಾರ ಬಾಗಿಲನ್ನೂ ಬಿಡುವುದಿಲ್ಲ. ಐಎಸ್‌ಎಲ್‌ನ ಭವಿಷ್ಯವೇ ಅನಿಶ್ಚಿತವಾದ 2025ರ ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿಯೂ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯುವುದಾಗಿ ಪ್ರಕಟಿಸಿತು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳ

ಬೆಂಗಳೂರಿನಿಂದ ಉಡುಪಿ ಸುಮಾರು 400 ಕಿಲೋಮೀಟರ್. ಒಂದು ಪಂದ್ಯ ನೋಡಲು ಸ್ಕೌಟ್ ಒಬ್ಬ ಎರಡು ರಾತ್ರಿ ಬಸ್ಸಿನಲ್ಲಿ ಕಳೆಯಬೇಕು. ಅದೇ ಖರ್ಚಿನಲ್ಲಿ ಗೋವಾಕ್ಕೆ ಹೋದರೆ ಡೆವಲಪ್‌ಮೆಂಟ್ ಲೀಗಿನ ಹಲವು ತಂಡಗಳನ್ನು, ವಯಸ್ಸಿನ ದಾಖಲೆ ಮತ್ತು ವಿಡಿಯೊ ಸಮೇತ, ವಾರದೊಳಗೆ ನೋಡಬಹುದು. ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣ, ಮಣಿಪಾಲದ ಎಂಡ್ ಪಾಯಿಂಟಿನ ಮೈದಾನ, ಕಾಪುವಿನ ಮರಳ ದಂಡೆ ಅವನ ದಾರಿಯಲ್ಲಿ ಬರುವುದಿಲ್ಲ. ಅವನ ಲೆಕ್ಕ ತಪ್ಪಲ್ಲ. ವರ್ಷವಿಡೀ ನಡೆಯುವ, ಮನೆಯಲ್ಲೊಂದು ಪಂದ್ಯ, ಎದುರಾಳಿಯ ಊರಿನಲ್ಲೊಂದು ಪಂದ್ಯ ಎಂಬ ಕ್ರಮದ ಕಿರಿಯರ ಲೀಗ್ ಜಿಲ್ಲೆಯಲ್ಲಿ ಇಲ್ಲದಿದ್ದರೆ ನೋಡಲು ಸಿಗುವುದು ಒಂದೆರಡು ದಿನದ ನಾಕೌಟ್ ಟೂರ್ನಿ. ಸೋತ ತಂಡ ಒಂದೇ ಪಂದ್ಯಕ್ಕೆ ಮನೆಗೆ. ಅಂಥಲ್ಲಿ ಒಬ್ಬ ಹುಡುಗನ ಬಗ್ಗೆ ತೀರ್ಪು ಕೊಡುವುದು ಜೂಜು.

ಮಳೆಯದೂ ಒಂದು ಪಾಲು ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೈದಾನ ಕೆಸರು. ಚೆಂಡು ಉರುಳುವುದಿಲ್ಲ, ನೆಲದ ಪಾಸು ಕಲಿಯುವ ವಯಸ್ಸಿನಲ್ಲಿ ಹುಡುಗ ಎತ್ತಿ ಹೊಡೆಯುವುದನ್ನು ಕಲಿಯುತ್ತಾನೆ. ಈಚೆಗೆ ಊರೂರಿಗೆ ಬಂದಿರುವ ಬಾಡಿಗೆಯ ಕೃತಕ ಹುಲ್ಲಿನ ಅಂಕಣಗಳು ಇದನ್ನು ಸ್ವಲ್ಪ ಸರಿಪಡಿಸಿವೆ. ಆದರೆ ಐವರು ಐವರ ಆಟದಲ್ಲಿ ಚುರುಕಾದವನು ಹನ್ನೊಂದು ಜನರ ಮೈದಾನದಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸುವುದೂ ಉಂಟು.

ತೆಂಕಣಕ್ಕೆ ಹೋದಂತೆ ಚಿತ್ರ ಬದಲಾಗುತ್ತದೆ. ಮಂಗಳೂರಿನ ನೆಹರೂ ಮೈದಾನ, ಬೆಂಗ್ರೆ, ಉಳ್ಳಾಲಗಳಲ್ಲಿ ಫುಟ್‌ಬಾಲಿನ ಹುಚ್ಚು ಹಳೆಯದು. ಗಡಿ ದಾಟಿ ಕಾಸರಗೋಡಿಗೆ ಬಂದರೆ ಮಲಬಾರಿನ ಸೆವೆನ್ಸ್ ಲೋಕ: ಏಳು ಜನರ ತಂಡ, ರಾತ್ರಿ ಪಂದ್ಯ, ಗ್ಯಾಲರಿ ತುಂಬ ಟಿಕೆಟ್ ಕೊಂಡ ಜನ, ಪಂದ್ಯಕ್ಕಿಷ್ಟು ಎಂದು ದುಡ್ಡು ಪಡೆದು ಆಡುವ ಆಫ್ರಿಕಾದ ಆಟಗಾರರು. ರಾಷ್ಟ್ರೀಯ ಸಂಸ್ಥೆಯ ಲೆಕ್ಕದಲ್ಲಿ ಇದು ಅಧಿಕೃತವಲ್ಲ. ಆದರೂ ನೋಡುವ ಕಣ್ಣುಗಳು ಅಲ್ಲಿ ಇರುತ್ತವೆ. ಕಾಸರಗೋಡು ಜಿಲ್ಲೆಯ ತೃಕ್ಕರಿಪುರದ ಮೊಹಮ್ಮದ್ ರಫಿ ಮಹೀಂದ್ರಾ ಯುನೈಟೆಡ್, ಚರ್ಚಿಲ್ ಬ್ರದರ್ಸ್ ತಂಡಗಳಲ್ಲಿ ಆಡಿ, 2016ರ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಪರ ತಲೆಯಿಂದ ಗೋಲು ಹೊಡೆದವರು. ತೃಕ್ಕರಿಪುರದಿಂದ ಕಾಪುವಿಗೆ ಅದೇ ಕಡಲು, ಅದೇ ಹೆದ್ದಾರಿ 66. ನಡುವೆ ಕಡಿದುಹೋಗಿರುವುದು ಪಂದ್ಯಗಳ ಸರಪಳಿ.

ಇಲ್ಲಿನ ಹುಡುಗರಿಗೆ ಕಸುವಿಲ್ಲ ಎನ್ನುವವರಿಗೆ ಕಬಡ್ಡಿಯೇ ಉತ್ತರ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆ ಸೇರಿ, ಭಾರತ ತಂಡದ ನಾಯಕಿಯಾಗಿ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಕಾರ್ಕಳ ಕಡೆಯ ಸುಖೇಶ್ ಹೆಗ್ಡೆ 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ತೆಲುಗು ಟೈಟನ್ಸ್‌ಗೆ ಆಡಿ, 2017ರಲ್ಲಿ ಗುಜರಾತ್ ತಂಡದ ನಾಯಕರಾಗಿ ಅದನ್ನು ಫೈನಲ್‌ಗೆ ಕೊಂಡೊಯ್ದರು. ಇವರ ಆಟಕ್ಕೆ ಹಳ್ಳಿಯ ಮ್ಯಾಟಿನಿಂದ ಮೂಡುಬಿದಿರೆಯ ಆಳ್ವಾಸ್‌ನಂಥ ಕಾಲೇಜಿಗೆ, ಮಂಗಳೂರು ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ಬ್ಯಾಂಕು ಮತ್ತು ರೈಲ್ವೆಗೆ ಮೆಟ್ಟಿಲುಗಳಿವೆ. ಪ್ರತಿ ಮೆಟ್ಟಿಲಿನಲ್ಲೂ ಯಾರೋ ಒಬ್ಬರು ನೋಡುತ್ತಿರುತ್ತಾರೆ. ಕಬಡ್ಡಿ ತಂಡಗಳಿಗೂ ಖರ್ಚಿನ ಮಿತಿ ಇದೆ. 2023ರ ಹರಾಜಿನಲ್ಲಿ ಒಂದು ತಂಡಕ್ಕೆ 5 ಕೋಟಿ ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 2.605 ಕೋಟಿ, ತೆಲುಗು ಟೈಟನ್ಸ್ ಪವನ್ ಸೆಹ್ರಾವತ್ ಒಬ್ಬರಿಗೇ ಸುರಿಯಿತು. ಉಳಿದ ದುಡ್ಡಿನಲ್ಲಿ ತಂಡ ಕಟ್ಟಲಾಗದೆ ಆ ವರ್ಷ ಕೊನೆಯ ಸ್ಥಾನಕ್ಕೆ ಇಳಿಯಿತು. ಹರಾಜಿನಲ್ಲಿ ಬೆಲೆ ಎಲ್ಲರೆದುರು ಕೂಗಲಾಗುವುದರಿಂದ ಇಂಥ ತಪ್ಪು ಕಾಣಿಸುತ್ತದೆ. ಫುಟ್‌ಬಾಲಿನಲ್ಲಿ ಒಪ್ಪಂದಗಳು ಮುಚ್ಚಿದ ಬಾಗಿಲೊಳಗೆ ನಡೆಯುತ್ತವೆ.

ವಿಶ್ವವಿದ್ಯಾಲಯದ ಊರಾದ ಮಣಿಪಾಲದ ಸ್ಥಿತಿ ಬೇರೆ. ದೇಶದ ನಾನಾ ಭಾಗಗಳಿಂದ ಬಂದ ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರು ಅಲ್ಲಿದ್ದಾರೆ, ಮೈದಾನವಿದೆ, ಜಿಮ್ ಇದೆ, ಕ್ರೀಡಾ ವೈದ್ಯರಿದ್ದಾರೆ. ಆದರೆ ಭಾರತದ ಕ್ಲಬ್ಬುಗಳು ಇಪ್ಪತ್ತರ ಹೊತ್ತಿಗೆ ಬಾಗಿಲು ಹಾಕಿಕೊಳ್ಳುತ್ತವೆ. ಎಂಜಿನಿಯರಿಂಗ್ ಮುಗಿಸಿ ಬಂದವನನ್ನು ತಡವಾಯಿತು ಎಂದು ತಿರುಗಿಯೂ ನೋಡುವುದಿಲ್ಲ. ಜಪಾನಿನಲ್ಲಿ ಹಾಗಿಲ್ಲ. ಕಾವೊರು ಮಿತೊಮಾ ವೃತ್ತಿಪರ ಒಪ್ಪಂದ ಬೇಡವೆಂದು ತ್ಸುಕುಬಾ ವಿಶ್ವವಿದ್ಯಾಲಯ ಸೇರಿ, ಡ್ರಿಬ್ಲಿಂಗ್ ಬಗ್ಗೆಯೇ ಪ್ರಬಂಧ ಬರೆದು, 2020ರಲ್ಲಿ ಕವಾಸಾಕಿ ಸೇರಿದ. 2021ರಲ್ಲಿ ಬ್ರೈಟನ್ ಕಡಿಮೆ ಬೆಲೆಗೆ ಅವನನ್ನು ಎತ್ತಿಕೊಂಡಿತು. ಅಲ್ಲಿ ವಿಶ್ವವಿದ್ಯಾಲಯಗಳ ಲೀಗ್ ಗಟ್ಟಿಯಾಗಿದೆ, ಸ್ಕೌಟ್‌ಗಳು ಅದನ್ನು ನೋಡುತ್ತಾರೆ. ದುಡ್ಡು ಕಡಿಮೆ ಇರುವ ಕರ್ನಾಟಕದ ಯಾವುದೇ ಕ್ಲಬ್ಬಿಗೆ ಇಂದು ಪೈಪೋಟಿಯೇ ಇಲ್ಲದ ಮಾರುಕಟ್ಟೆ ಇದ್ದರೆ ಅದು ವಿಶ್ವವಿದ್ಯಾಲಯದ್ದು.

ಬೆಳೆಸಿದ ಕ್ಲಬ್ಬಿನ ಪಾಲು

ಸಣ್ಣ ಊರಿನ ಕ್ಲಬ್ಬಿಗೆ ಶೋಧದ ಇನ್ನೊಂದು ತುದಿಯಲ್ಲಿ ಒಂದು ಹಕ್ಕಿದೆ, ಬಳಸುವವರು ಕಡಿಮೆ. ಒಪ್ಪಂದ ಉಳಿದಿರುವಾಗಲೇ ಆಟಗಾರ ದೇಶ ದಾಟಿ ಮಾರಾಟವಾದರೆ, ಫಿಫಾದ ‘ಸಾಲಿಡಾರಿಟಿ’ ನಿಯಮದಂತೆ ಬೆಲೆಯ ಶೇಕಡಾ 5 ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗಬೇಕು: 12ರಿಂದ 15ರ ಪ್ರತಿ ವರ್ಷಕ್ಕೆ ಬೆಲೆಯ ಶೇಕಡಾ 0.25, 16ರಿಂದ 23ರ ಪ್ರತಿ ವರ್ಷಕ್ಕೆ ಶೇಕಡಾ 0.5. ಮೊದಲ ವೃತ್ತಿಪರ ಒಪ್ಪಂದಕ್ಕೆ ತರಬೇತಿ ಪರಿಹಾರ ಬೇರೆ. 2022ರ ನವೆಂಬರಿನಿಂದ ಈ ಹಣ ಫಿಫಾ ಕ್ಲಿಯರಿಂಗ್ ಹೌಸ್ ಮೂಲಕ ಹರಿಯುತ್ತದೆ. ಕಾರ್ಕಳದ ಒಂದು ಕ್ಲಬ್ಬು ಒಬ್ಬ ಹುಡುಗನನ್ನು ಹನ್ನೆರಡರಿಂದ ಹದಿನೈದರವರೆಗೆ ಆಡಿಸಿತು, ಮುಂದೆ ಅವನು 10 ಕೋಟಿ ರೂಪಾಯಿಗೆ ವಿದೇಶಕ್ಕೆ ಹೋದ ಎಂದಿಟ್ಟುಕೊಂಡರೆ, ಆ ನಾಲ್ಕು ವರ್ಷಕ್ಕೆ ಕ್ಲಬ್ಬಿಗೆ ಸಲ್ಲುವುದು 10 ಲಕ್ಷ. ಜಿಲ್ಲಾ ಮಟ್ಟದಲ್ಲಿ ಹಲವು ವರ್ಷದ ಚೆಂಡು, ಬೂಟು, ಬಸ್ ಚಾರ್ಜು. ಹಣ ಬರುವುದು ಆಟಗಾರ ಯಾವ ವರ್ಷ ಯಾವ ಕ್ಲಬ್ಬಿನಲ್ಲಿದ್ದ ಎಂದು ತೋರಿಸುವ ‘ಪಾಸ್‌ಪೋರ್ಟ್’ ದಾಖಲೆಯಲ್ಲಿ ಆ ವರ್ಷಗಳ ಎದುರು ಕ್ಲಬ್ಬಿನ ಹೆಸರಿದ್ದರೆ. ಅದಕ್ಕೆ ಹುಡುಗ ಹನ್ನೆರಡರಲ್ಲೇ ರಾಜ್ಯ ಸಂಸ್ಥೆಯ ಮೂಲಕ ರಾಷ್ಟ್ರೀಯ ಸಂಸ್ಥೆಯಾದ ಎಐಎಫ್‌ಎಫ್‌ನ ಕೇಂದ್ರೀಯ ನೋಂದಣಿ ವ್ಯವಸ್ಥೆಯಲ್ಲಿ ದಾಖಲಾಗಿರಬೇಕು, ಕ್ಲಬ್ಬೂ ಆಗಿರಬೇಕು. ಬೀಚಿನ ದಂಡೆಯಲ್ಲಿ, ಶಾಲೆಯ ಅಂಗಳದಲ್ಲಿ ನೋಂದಣಿಯಿಲ್ಲದೆ ಕಳೆದ ವರ್ಷಗಳು ಆ ಪಟ್ಟಿಯಲ್ಲಿ ಖಾಲಿ ಉಳಿಯುತ್ತವೆ, ಅವುಗಳ ಪಾಲನ್ನು ಊರ ಕ್ಲಬ್ಬು ಕೇಳುವಂತಿಲ್ಲ.